ಸೈಕಲ್ಲಿಗೆ ಯಾವ ಬೀಗ? ಕೇಬಲ್, ಚೈನ್, ಯು-ಲಾಕ್, ಮಡಚುವ ಲಾಕ್: ಯಾರಿಗೆ ಯಾವುದು ಸರಿ

ಸೈಕಲ್ ಅಂಗಡಿಯ ಗೋಡೆಯಲ್ಲಿ ಇನ್ನೂರು ರೂಪಾಯಿಯ ಬಣ್ಣದ ಕೇಬಲ್ ಲಾಕೂ ನೇತಾಡುತ್ತಿರುತ್ತದೆ, ಅದರ ಪಕ್ಕದಲ್ಲೇ ನಾಲ್ಕು ಸಾವಿರದ ಯು-ಲಾಕೂ (ಯು ಆಕಾರದ ಉಕ್ಕಿನ ಕೊಂಡಿಗೆ ಅಡ್ಡಪಟ್ಟಿ ಕೂರಿಸುವ ಬೀಗ) ಇರುತ್ತದೆ. ಎರಡರ ಪೊಟ್ಟಣದ ಮೇಲೂ ‘ಹೈ ಸೆಕ್ಯುರಿಟಿ’ ಎಂದೇ ಅಚ್ಚಾಗಿರುತ್ತದೆ. ಇಪ್ಪತ್ತು ಪಟ್ಟು ಬೆಲೆ ವ್ಯತ್ಯಾಸ ಯಾತಕ್ಕೆ ಎಂದು ಕೇಳಿದರೆ ಅಂಗಡಿಯವರು ಹೇಳುವುದು ‘ಇದು ಸ್ಟ್ರಾಂಗು ಸಾರ್’ ಎಂದಷ್ಟೇ. ಎಷ್ಟು ಸ್ಟ್ರಾಂಗು, ಯಾವುದರ ಎದುರು ಸ್ಟ್ರಾಂಗು, ನೀವು ಸೈಕಲ್ ನಿಲ್ಲಿಸುವ ಜಾಗಕ್ಕೆ ಅಷ್ಟು ಬೇಕೇ ಎಂಬುದು ಅಲ್ಲಿ ತಿಳಿಯುವುದಿಲ್ಲ.

ಮುರಿಯಲಾಗದ ಸೈಕಲ್ ಬೀಗ ಇಲ್ಲ. ಬೀಗಕ್ಕೆ ಕೊಡುವ ದುಡ್ಡು ಕಳ್ಳನ ಸಮಯಕ್ಕೆ ಕೊಡುವ ದುಡ್ಡು. ಹತ್ತು ಸೆಕೆಂಡಿನಲ್ಲಿ ಆಗುವ ಕೆಲಸವನ್ನು ಎರಡು ನಿಮಿಷಕ್ಕೆ ಎಳೆಯುವುದು, ಜೇಬಿನ ಪ್ಲೈಯರ್‌ನಲ್ಲಿ ಮುಗಿಯುವುದಕ್ಕೆ ಸದ್ದು ಮಾಡುವ ಯಂತ್ರ ತರುವಂತೆ ಮಾಡುವುದು, ಇಷ್ಟೇ ಅದರ ಕೆಲಸ. ಆದ್ದರಿಂದ ಬೀಗ ಆರಿಸುವ ಮೊದಲು ನಿಮ್ಮ ಸೈಕಲ್ ನಿಲ್ಲುವ ಜಾಗ ಕಳ್ಳನಿಗೆ ಎಷ್ಟು ಸಮಯ ಕೊಡುತ್ತದೆ ಎಂದು ಲೆಕ್ಕ ಹಾಕಬೇಕು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಜಾಗ ಮತ್ತು ಹೊತ್ತು. ಹಾಲಿನ ಬೂತಿನ ಮುಂದೆ ಮೂರು ನಿಮಿಷ, ಕಚೇರಿಯ ಪಾರ್ಕಿಂಗ್‌ನಲ್ಲಿ ಎಂಟು ಗಂಟೆ, ಮೆಟ್ರೋ ನಿಲ್ದಾಣದ ಹೊರಗೆ ಇಡೀ ಹಗಲು, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಇಡೀ ರಾತ್ರಿ: ಈ ನಾಲ್ಕೂ ಬೇರೆ ಬೇರೆ ಲೆಕ್ಕ. ಜನ ಬೇಸ್‌ಮೆಂಟನ್ನು ಮನೆಯೊಳಗೆ ಎಂದು ಎಣಿಸುತ್ತಾರೆ. ಗೇಟಿಗೆ ಸೆಕ್ಯುರಿಟಿ ಇದ್ದಾರೆ, ಕ್ಯಾಮೆರಾ ಇದೆ ಎಂದು ತೆಳು ಕೇಬಲ್ ಸುತ್ತಿ ಮೇಲೆ ಹೋಗುತ್ತಾರೆ. ನಿಜಕ್ಕೂ ಕಳ್ಳನಿಗೆ ಅತಿ ಹೆಚ್ಚು ಸಮಯ ಸಿಗುವುದು ಅಲ್ಲೇ. ರಾತ್ರಿ ಎರಡಕ್ಕೆ ಅಲ್ಲಿ ಯಾರೂ ಓಡಾಡುವುದಿಲ್ಲ, ಕಂಬಗಳ ಮರೆ ಇರುತ್ತದೆ, ಹತ್ತು ಸೈಕಲ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಎರಡನೆಯದು ಕಳ್ಳನ ಕೈಯಲ್ಲಿರುವ ಉಪಕರಣ. ಉಪಕರಣವೇ ಇಲ್ಲದವನು ಬೀಗವಿಲ್ಲದ ಸೈಕಲ್ ಹತ್ತಿ ಹೋಗುತ್ತಾನೆ, ಇಲ್ಲವೇ ಚಕ್ರಕ್ಕೆ ಮಾತ್ರ ಬೀಗ ಹಾಕಿದ್ದನ್ನು ಎತ್ತಿ ಗೂಡ್ಸ್ ಆಟೋಗೆ ಹಾಕುತ್ತಾನೆ. ಇನ್ನೊಬ್ಬನ ಜೇಬಿನಲ್ಲಿ ಕಟಿಂಗ್ ಪ್ಲೈಯರ್ ಅಥವಾ ಸಣ್ಣ ಕೇಬಲ್ ಕಟರ್ ಇರುತ್ತದೆ. ಮೂರನೆಯವನ ಚೀಲದಲ್ಲಿ 24ರಿಂದ 36 ಇಂಚಿನ ಬೋಲ್ಟ್ ಕಟರ್, ಹ್ಯಾಕ್ಸಾ, ರಾಡು, ಕಾರಿನ ಜಾಕ್. ನಾಲ್ಕನೆಯವನು ಬ್ಯಾಟರಿಯಲ್ಲಿ ಓಡುವ ಆಂಗಲ್ ಗ್ರೈಂಡರ್, ಅಂದರೆ ತಿರುಗುವ ಡಿಸ್ಕಿನಿಂದ ಲೋಹ ಕುಯ್ಯುವ ಯಂತ್ರ ತರುತ್ತಾನೆ. ಒಂದೊಂದು ಮೆಟ್ಟಿಲಿಗೂ ಬೀಗದ ಬೆಲೆಯೂ ತೂಕವೂ ಏರುತ್ತದೆ.

ಮೂರನೆಯದು ಯಾವುದಕ್ಕೆ ಕಟ್ಟುತ್ತೀರಿ ಎಂಬುದು. ಇದನ್ನು ಮುಂದೆ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಬೀಗಕ್ಕಿಂತ ಮೊದಲು ಸೋಲುವುದು ಇದೇ.

ಉಳಿದಂತೆ ತೂಕ ಮತ್ತು ದುಡ್ಡು. ಸೈಕಲ್ ಬೆಲೆಯ ಹತ್ತರಲ್ಲಿ ಒಂದು ಪಾಲು ಬೀಗಕ್ಕೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಏಳು ಸಾವಿರದ ಸೈಕಲ್ಲಿಗೆ ಏಳುನೂರರ ಬೀಗ ಎಂದರೆ ಕೆಲವು ಜಾಗಗಳಲ್ಲಿ ಏನೇನೂ ಸಾಲದು. ಆ ಏಳು ಸಾವಿರದ ಸೈಕಲ್ಲೇ ಒಬ್ಬ ಡೆಲಿವರಿ ಹುಡುಗನ ತಿಂಗಳ ಸಂಪಾದನೆಗೆ ಆಧಾರವಾಗಿದ್ದರೆ ಅದರ ಬೆಲೆ ಏಳು ಸಾವಿರವಲ್ಲ. ಅತ್ತ ಒಂದು ಲಕ್ಷದ ರೋಡ್ ಬೈಕು (ತೆಳು ಟೈರಿನ ವೇಗದ ಸೈಕಲ್) ರಾತ್ರಿ ಮನೆಯೊಳಗೆ ಮಲಗಿ, ಭಾನುವಾರ ಬೆಳಗ್ಗೆ ಇಡ್ಲಿ ತಿನ್ನುವಾಗ ಕಣ್ಣೆದುರೇ ಇಪ್ಪತ್ತು ನಿಮಿಷ ನಿಲ್ಲುವುದಾದರೆ ಅದಕ್ಕೆ ಹತ್ತು ಸಾವಿರದ ಬೀಗ ಬೇಡ.

ಚಕ್ರದ ಬೀಗ

ಹಳೆಯ ಕರಿ ಸೈಕಲ್‌ಗಳಿಂದ ಇಂದಿನ ಲೇಡಿಬರ್ಡ್ ಮಾದರಿಯವರೆಗೆ ಹಿಂಚಕ್ರದ ಮೇಲೆ ಕೂತಿರುವ ಉಂಗುರದಂಥ ಬೀಗ. ಇದರ ದೊಡ್ಡ ಗುಣ ಎಂದರೆ ಸೈಕಲ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಮರೆಯುವ ಮಾತಿಲ್ಲ, ಹಾಕಲು ಎರಡು ಸೆಕೆಂಡು ಸಾಕು. ದಿನಕ್ಕೆ ಮೂವತ್ತು ಮನೆಗೆ ಹತ್ತಿ ಇಳಿಯುವ ಡೆಲಿವರಿಯವರಿಗೆ, ಶಾಲೆಯ ಕಾಂಪೌಂಡಿನೊಳಗೆ ನಿಲ್ಲಿಸುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಬೀಗ ಇಲ್ಲ. ಆದರೆ ಇದು ಚಕ್ರ ತಿರುಗದಂತೆ ಮಾತ್ರ ತಡೆಯುತ್ತದೆ. ಹದಿನೈದು-ಹದಿನೆಂಟು ಕೆ.ಜಿ. ಸೈಕಲ್ಲನ್ನು ಹಿಂಭಾಗ ಎತ್ತಿ ಮುಂಚಕ್ರದ ಮೇಲೆ ತಳ್ಳಿಕೊಂಡು ಹೋಗಲು ಒಬ್ಬನೇ ಸಾಕು. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡುವಾಗ ಇದನ್ನೊಂದೇ ನಂಬಬೇಡಿ. ಗೇರ್ ಸೈಕಲ್‌ಗಳಲ್ಲಿ ಅಗಲ ಟೈರ್ ಇದ್ದರೆ ಉಂಗುರ ಹಿಡಿಯುವುದಿಲ್ಲ, ಕೊಳ್ಳುವ ಮೊದಲು ಅಳತೆ ನೋಡಿ.

ಕೇಬಲ್ ಲಾಕ್

ಅತಿ ಹೆಚ್ಚು ಮಾರಾಟವಾಗುವ ಬೀಗ ಇದು, ಅತಿ ಹೆಚ್ಚು ಮೋಸ ಮಾಡುವುದೂ ಇದೇ. ಹೊರಗಿನಿಂದ ಬೆರಳು ದಪ್ಪ ಕಾಣುವ ಕೇಬಲ್ಲಿನಲ್ಲಿ ಅರ್ಧಕ್ಕೂ ಹೆಚ್ಚು ಪ್ಲಾಸ್ಟಿಕ್ ಹೊದಿಕೆಯೇ ಇರುತ್ತದೆ. ಒಳಗಿನ ಉಕ್ಕು ಎಂದರೆ ಹೆಣೆದ ಸಣ್ಣ ತಂತಿಗಳು, ಒಂದೊಂದನ್ನೂ ಪ್ಲೈಯರ್‌ನಲ್ಲಿ ಕತ್ತರಿಸಬಹುದು. ಕೇಬಲ್ ಕಟರ್ ಇದ್ದರೆ ಒಂದೇ ಅದುಮು, ಸದ್ದೂ ಇಲ್ಲ. ದಪ್ಪ ಕೇಬಲ್ ಕೊಂಡರೆ ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ, ಅಷ್ಟೇ.

ಇದರಲ್ಲಿ ನಂಬರ್ ಲಾಕ್ ಇರುವ ಮಾದರಿಗಳು ಇನ್ನೂ ದುರ್ಬಲ. ನಾಲ್ಕು ಅಂಕಿಯಲ್ಲಿ ಹತ್ತು ಸಾವಿರ ಜೋಡಣೆ ಇದೆ ಎಂದು ಪೊಟ್ಟಣ ಹೇಳುತ್ತದೆ, ಲೆಕ್ಕ ಸರಿಯೇ. ಆದರೆ ಅಗ್ಗದ ನಂಬರ್ ಲಾಕನ್ನು ತೆರೆಯಲು ಅಷ್ಟೂ ತಿರುಗಿಸಬೇಕಿಲ್ಲ. ಕೇಬಲ್ಲನ್ನು ಎಳೆದು ಹಿಡಿದು ಒಂದೊಂದೇ ಚಕ್ರ ತಿರುಗಿಸಿದರೆ ಸರಿಯಾದ ಅಂಕಿಯಲ್ಲಿ ಬೆರಳಿಗೆ ಸಣ್ಣ ತಡೆ ಸಿಗುತ್ತದೆ, ಅಭ್ಯಾಸ ಇರುವವನಿಗೆ ನಾಲ್ಕೂ ಅಂಕಿ ಕೆಲವೇ ನಿಮಿಷದ ಕೆಲಸ. ಎಷ್ಟೋ ಜನ 0000 ಬದಲಿಸಿಯೇ ಇರುವುದಿಲ್ಲ. ಇನ್ನು ಕೆಲವರು ಬೀಗ ಹಾಕಿ ಕೊನೆಯ ಅಂಕಿಯೊಂದನ್ನು ಮಾತ್ರ ಒಂದು ಮನೆ ಸರಿಸಿ ಹೋಗುತ್ತಾರೆ. ಆಗ ಹತ್ತು ಸಾವಿರ ಹೋಗಿ ಹತ್ತೇ ಉಳಿಯುತ್ತದೆ.

ಹಾಗೆಂದು ಕೇಬಲ್ ಕೆಲಸಕ್ಕೇ ಬಾರದ್ದಲ್ಲ. ಎರಡೂ ತುದಿಗೆ ಕುಣಿಕೆ ಇರುವ, ಬೀಗವಿಲ್ಲದ ಬರೀ ಕೇಬಲ್ ಸಿಗುತ್ತದೆ. ಅದನ್ನು ಮುಂಚಕ್ರದ ಮೂಲಕ ತೂರಿಸಿ ಕುಣಿಕೆಯನ್ನು ಯು-ಲಾಕಿಗೆ ಸಿಕ್ಕಿಸಿದರೆ ಚಕ್ರ ಕಾಯಲು ಅಗ್ಗದ, ಹಗುರದ ದಾರಿ. ಕೇಬಲ್ ಎರಡನೆಯ ಬೀಗವಾಗಿ ಒಳ್ಳೆಯದು, ಮೊದಲನೆಯ ಬೀಗವಾಗಿ ಬೇಡ.

ಚೈನ್

ಚೈನಿನಲ್ಲಿ ಎರಡು ಜಾತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವುದು ಸಾದಾ ಕಬ್ಬಿಣದ್ದು. 8 ಮಿ.ಮೀ. ದಪ್ಪ ಇದ್ದರೂ ಹ್ಯಾಕ್ಸಾ ಬ್ಲೇಡಿಗೆ ಸಿಗುತ್ತದೆ, ಬೋಲ್ಟ್ ಕಟರ್‌ಗೆ ಬೆಣ್ಣೆ. ಇನ್ನೊಂದು ಸೈಕಲ್ಲಿಗೆಂದೇ ಮಾಡಿದ, ಹಾರ್ಡನ್ ಮಾಡಿದ, ಅಂದರೆ ಕಾಯಿಸಿ ಹದ ಕೊಟ್ಟ ಉಕ್ಕಿನ ಚೈನು. ಎರಡನ್ನೂ ಗುರುತಿಸುವುದು ಸುಲಭ: ಕಾಣದ ಮೂಲೆಯಲ್ಲಿ ಅರ ಹಾಕಿ ನೋಡಿ. ಲೇಪನ ಕೆರೆದ ಮೇಲೆ ಅರ ಕಚ್ಚಿ ಪುಡಿ ಬಿದ್ದರೆ ಮೆತ್ತನೆಯ ಕಬ್ಬಿಣ, ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹಾರ್ಡನ್ ಆದದ್ದು. ಅಂಗಡಿಯಲ್ಲಿ ಬಿಡದಿದ್ದರೆ ಮನೆಗೆ ತಂದ ಮೇಲಾದರೂ ನೋಡಿ. ನಿಮ್ಮ ಬೀಗ ಯಾವ ಮೆಟ್ಟಿಲಿನದು ಎಂದು ತಿಳಿದಿರಬೇಕು.

ದಪ್ಪದ ಲೆಕ್ಕ ಹೀಗಿದೆ. ಹಾರ್ಡನ್ ಆದ ಉಕ್ಕಾದರೂ 8 ಮಿ.ಮೀ. ಒಳಗಿದ್ದರೆ ಕೈಚೀಲದಲ್ಲಿ ಅಡಗುವ ಕಟರ್ ಸಾಕು. 10 ಮಿ.ಮೀ. ಆದರೆ 36 ಇಂಚಿನ ಕಟರ್ ಬೇಕು, ಅದನ್ನು ಬಟ್ಟೆಯೊಳಗೆ ಮುಚ್ಚಿಡಲಾಗದು. 13 ದಾಟಿದರೆ ಬಹುತೇಕ ಕಟರ್‌ಗಳು ಸೋಲುತ್ತವೆ. 16 ಮಿ.ಮೀ. ಕೈಬಲದ ಕಟರ್‌ಗೆ ನಿಲುಕುವುದಿಲ್ಲ, ಅಲ್ಲಿಂದ ಮುಂದೆ ಗ್ರೈಂಡರೇ. ತೂಕವೂ ಇದರ ಜೊತೆಗೇ ಏರುತ್ತದೆ. 10 ಮಿ.ಮೀ. ಚೈನು ಮೀಟರಿನ ಆಸುಪಾಸು ಉದ್ದಕ್ಕೆ ಮೂರು ಕೆ.ಜಿ.ಯ ಹತ್ತಿರ, 14 ಮಿ.ಮೀ. ಆದರೆ ಬೀಗವೂ ಸೇರಿ ಸುಮಾರು ಐದು ಕೆ.ಜಿ. ಇಷ್ಟನ್ನು ಹೆಗಲಿಗೆ ಹಾಕಿಕೊಂಡು ದಿನಾ ಕಚೇರಿಗೆ ಹೋಗಲಾಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ದಪ್ಪ ಚೈನಿನ ಜಾಗ ಸೈಕಲ್ ರಾತ್ರಿ ನಿಲ್ಲುವ ಕಡೆ. ಅಲ್ಲೇ ಸರಳಿಗೆ ಕಟ್ಟಿ ಬಿಟ್ಟುಬಿಡಬೇಕು.

ಚೈನ್ ಕೊಂಡವರು ತಪ್ಪುವುದು ಬೀಗದ ಆಯ್ಕೆಯಲ್ಲಿ. 10 ಮಿ.ಮೀ. ಚೈನಿಗೆ 6 ಮಿ.ಮೀ. ಕೊಂಡಿಯ ಬೀಗ ಹಾಕಿದರೆ ಕಳ್ಳ ಚೈನನ್ನು ಮುಟ್ಟುವುದೇ ಇಲ್ಲ. ಬೀಗದ ಮೇಲೆ ‘ಏಳು ಲೀವರ್’, ‘ಒಂಬತ್ತು ಲೀವರ್’ ಎಂದು ಬರೆದಿರುವುದು ಕಳ್ಳಗೀಲಿಯ ಎದುರಿನ ಬಲ ಮಾತ್ರ. ಕೊಂಡಿ ಕತ್ತರಿಸುವವನಿಗೆ ಲೀವರ್ ಎಷ್ಟಿದ್ದರೇನು? ತಮಿಳುನಾಡಿನ ದಿಂಡಿಗಲ್ಲಿನ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕವೇ (ಜಿಐ ಗುರುತು) ಸಿಕ್ಕಿದೆ, ಉತ್ತರ ಪ್ರದೇಶದ ಅಲಿಗಢವಂತೂ ಬೀಗದ ಊರೆಂದೇ ಹೆಸರಾದದ್ದು. ಅಲ್ಲಿನ ಕುಶಲತೆ ದೊಡ್ಡದು, ಆದರೆ ಬಾಗಿಲಿಗೆ ಮಾಡಿದ ಬೀಗದ ಕೊಂಡಿ ಬೀದಿಯಲ್ಲಿ ಕಟರ್ ಎದುರು ನಿಲ್ಲಲಿ ಎಂದು ಮಾಡಿದ್ದಲ್ಲ. ಕೊಂಡಿಯ ಎರಡು ಪಕ್ಕದಲ್ಲೂ ಉಕ್ಕಿನ ಭುಜ ಎದ್ದು ಕಟರ್‌ನ ಬಾಯಿ ತೂರದಂತೆ ಇರುವ ಬೀಗ ಹುಡುಕಿ. ಚೈನು ನೆಲಕ್ಕೆ ತಾಗದಂತೆ ಕಟ್ಟಿ. ನೆಲದಲ್ಲಿ ಬಿದ್ದಿದ್ದರೆ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೂರಿ, ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಬಹುದು. ಗಾಳಿಯಲ್ಲಿ ತೂಗುತ್ತಿದ್ದರೆ ತೋಳಿನ ಬಲ ಮಾತ್ರ ಸಿಗುತ್ತದೆ.

ಯು-ಲಾಕ್

ದಿನಾ ಹೊರಗೆ ನಿಲ್ಲಿಸುವ ಬಹುತೇಕರಿಗೆ ಇದೇ ಸರಿಯಾದ ಆಯ್ಕೆ. ತೂಕ ಒಂದರಿಂದ ಎರಡು ಕೆ.ಜಿ., ಕೊಂಡಿ 12ರಿಂದ 18 ಮಿ.ಮೀ. ಅದೇ ದಪ್ಪದ ಚೈನಿನ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಅದೇ ಬಲ ಸಿಗುತ್ತದೆ. ಭಾರತದಲ್ಲಿ ಸಾದಾ ಯು-ಲಾಕ್ ಸಾವಿರದ ಆಸುಪಾಸಿನಿಂದ ಶುರು. ಹೊರದೇಶದ ಪರೀಕ್ಷೆ ಪಾಸಾದವು ಹಲವು ಸಾವಿರ ಆಗುತ್ತವೆ.

ಕೊಳ್ಳುವಾಗ ಮೂರು ವಿಷಯ ನೋಡಿ. ಒಂದು, ಕೊಂಡಿಯ ಎರಡೂ ಕಾಲುಗಳನ್ನು ಅಡ್ಡಪಟ್ಟಿ ಕಚ್ಚಿ ಹಿಡಿಯುತ್ತದೆಯೇ ಎಂದು. ಅಗ್ಗದವುಗಳಲ್ಲಿ ಒಂದು ಕಾಲಿಗೆ ಮಾತ್ರ ಬೋಲ್ಟ್, ಇನ್ನೊಂದು ಬಾಗಿದ ಪಾದದಂತೆ ಸುಮ್ಮನೆ ತೂತಿನಲ್ಲಿ ಕೂತಿರುತ್ತದೆ. ಅಂಥದನ್ನು ಒಂದು ಕಡೆ ಕತ್ತರಿಸಿ ತಿರುಚಿದರೆ ಕಳಚಿಬರುತ್ತದೆ. ಎರಡೂ ಕಾಲು ಹಿಡಿದಿದ್ದರೆ ಕೊಂಡಿ ತಿರುಗುವುದಿಲ್ಲ, ಎರಡು ಕಡೆ ಕತ್ತರಿಸಬೇಕು, ಕಳ್ಳನ ಸಮಯ ಎರಡು ಪಟ್ಟು. ಎರಡನೆಯದು ಅಳತೆ. ದೊಡ್ಡ ಯು ಇದ್ದರೆ ಎಲ್ಲಿ ಬೇಕಾದರೂ ಹಾಕಬಹುದು ಎಂಬ ಆಸೆ ಸಹಜ. ಆದರೆ ಒಳಗೆ ಖಾಲಿ ಉಳಿದ ಜಾಗದಲ್ಲೇ ಜಾಕ್ ಕೂರುತ್ತದೆ, ರಾಡು ತೂರುತ್ತದೆ. ಹಿಂಚಕ್ರ, ಫ್ರೇಮು, ಸರಳು ಮೂರೂ ಸೇರಿ ಒಳಗಡೆ ಇನ್ನೇನೂ ಹಿಡಿಯದಷ್ಟು ಬಿಗಿಯಾಗುವ ಸಣ್ಣ ಯು ಒಳ್ಳೆಯದು. ಮೂರನೆಯದು ಕೀ. ದುಂಡನೆಯ ಕೊಳವೆಯಂಥ ಕೀ ಇರುವ ಹಳೆಯ ಮಾದರಿ ಬೇಡ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಯು-ಲಾಕ್‌ಗಳು ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತೂರಿಸಿ ತಿರುಗಿಸಿದರೆ ತೆರೆಯುತ್ತವೆ ಎಂದು ವಿಡಿಯೊ ಹಬ್ಬಿ, ಕಂಪನಿ ಬೀಗಗಳನ್ನು ವಾಪಸು ಪಡೆದು ಹೊಸದು ಕೊಡಬೇಕಾಯಿತು. ಆಮೇಲೆ ಒಳ್ಳೆಯ ಕಂಪನಿಗಳೆಲ್ಲ ಚಪ್ಪಟೆ ಕೀಗೆ ಬಂದವು, ಆ ದುಂಡು ಕೀ ಮಾತ್ರ ಹೆಸರಿಲ್ಲದ ಅಗ್ಗದ ಬೀಗಗಳಲ್ಲಿ ಇನ್ನೂ ಕಾಣುತ್ತದೆ.

ಯು-ಲಾಕಿನ ತೊಡಕು ಎಂದರೆ ಬಗ್ಗುವುದಿಲ್ಲ. ದಪ್ಪ ಕಂಬಕ್ಕೆ, ಮರಕ್ಕೆ, ಅಗಲ ಗೇಟಿಗೆ ಹಿಡಿಯುವುದಿಲ್ಲ. ನಿಮ್ಮ ಕಚೇರಿಯ ಹತ್ತಿರ ಸಿಗುವುದು ಸಿಮೆಂಟ್ ಕಂಬ ಮಾತ್ರ ಎಂದಾದರೆ ಎಷ್ಟು ಒಳ್ಳೆಯ ಯು-ಲಾಕ್ ಇದ್ದರೂ ಚೀಲದಲ್ಲೇ ಉಳಿಯುತ್ತದೆ. ಕೊಳ್ಳುವ ಮೊದಲು ಟೇಪು ಹಿಡಿದು ನಿಮ್ಮ ಜಾಗದ ಸರಳನ್ನು ಅಳೆದು ಬನ್ನಿ.

ಮಡಚುವ ಲಾಕ್

ಉಕ್ಕಿನ ಪಟ್ಟಿಗಳನ್ನು ಕೀಲು ಹಾಕಿ ಜೋಡಿಸಿದ್ದು, ಬಡಗಿಯ ಮಡಚುವ ಅಡಿಪಟ್ಟಿಯ ಹಾಗೆ. ಬಾಟಲ್ ಕೂರುವ ಜಾಗದಲ್ಲಿ ಕೂರುತ್ತದೆ, ಓಡುವಾಗ ಗಲಗಲ ಅನ್ನುವುದಿಲ್ಲ, ಯು ಹಿಡಿಯದ ಕಂಬಕ್ಕೂ ಸುತ್ತುತ್ತದೆ. ಹೆಸರಾದ ಅಬುಸ್ ಕಂಪನಿಯ ಬೋರ್ಡೋ ಮಾದರಿಯಲ್ಲಿ ಪಟ್ಟಿಯ ದಪ್ಪ 5 ಮಿ.ಮೀ. ಆಸುಪಾಸು. ದುರ್ಬಲ ಜಾಗ ಪಟ್ಟಿಯಲ್ಲ, ಕೀಲು. ಅಗ್ಗದ ನಕಲುಗಳಲ್ಲಿ ಕೀಲಿನ ರಿವೆಟ್ಟನ್ನು ಡ್ರಿಲ್ ಮಾಡಿ ಅಥವಾ ತಿರುಚಿ ಬಿಚ್ಚಬಹುದು. ಹಾಗಾಗಿ ಈ ಜಾತಿಯಲ್ಲಿ ಅಗ್ಗದ್ದು ಕೊಳ್ಳುವುದು ಅತಿ ಕೆಟ್ಟ ವ್ಯವಹಾರ: ಯು-ಲಾಕಿನ ಬೆಲೆ ಕೊಟ್ಟು ಕೇಬಲ್ಲಿಗಿಂತ ಸ್ವಲ್ಪ ಮೇಲಿನ ಬಲ ಪಡೆದಂತೆ. ಒಳ್ಳೆಯದು ಕೊಳ್ಳುವ ಶಕ್ತಿ ಇದ್ದು, ದಿನಾ ಬೇರೆ ಬೇರೆ ಕಡೆ ನಿಲ್ಲಿಸುವವರಿಗೆ ಇದು ಹೊಂದುತ್ತದೆ.

ಗ್ರೈಂಡರ್ ಎದುರಿನ ಬೀಗಗಳು

ಬ್ಯಾಟರಿ ಗ್ರೈಂಡರ್ ಬಂದ ಮೇಲೆ ಹಳೆಯ ಲೆಕ್ಕವೆಲ್ಲ ಬದಲಾಯಿತು. ನಾಲ್ಕು ಇಂಚಿನ ತೆಳು ಕಟಿಂಗ್ ಡಿಸ್ಕ್ 13 ಮಿ.ಮೀ. ಕೊಂಡಿಯನ್ನು ಒಂದು ನಿಮಿಷದ ಒಳಗೇ ದಾಟುತ್ತದೆ. ಉಕ್ಕು ಎಷ್ಟು ಹಾರ್ಡನ್ ಆಗಿದ್ದರೂ ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಇದಕ್ಕೆ ಉತ್ತರವಾಗಿ 2021ರಿಂದೀಚೆ ಬ್ರಿಟನ್ನಿನ ಹಿಪ್‌ಲಾಕ್ ಡಿ1000, ಲೈಟ್‌ಲಾಕ್ ಎಕ್ಸ್1 ಥರದ ಬೀಗಗಳು ಬಂದಿವೆ. ಇವುಗಳ ಹೊರಕವಚದಲ್ಲಿ ಸೆರಾಮಿಕ್‌ನಂಥ ವಸ್ತು ಸೇರಿಸಿರುತ್ತಾರೆ, ಅದು ಡಿಸ್ಕನ್ನೇ ತಿಂದುಹಾಕುತ್ತದೆ. ಕಳ್ಳ ಡಿಸ್ಕ್ ಮೇಲೆ ಡಿಸ್ಕ್ ಬದಲಿಸಬೇಕಾಗುತ್ತದೆ. ತೂಕ ಎರಡು ಕೆ.ಜಿ.ಯ ಒಳಗೇ, ಆದರೆ ಬೆಲೆ ನೂರಾರು ಪೌಂಡು, ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಬೇರೆ. ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಇರುವ ಕನ್ನಡಿಗರು ದುಬಾರಿ ಇ-ಬೈಕನ್ನು ಬೀದಿಯಲ್ಲೇ ಬಿಡಬೇಕಾದರೆ ಆ ದುಡ್ಡು ಕೊಡುವುದು ಸರಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಅದೇ ದುಡ್ಡಿಗೆ ಒಳ್ಳೆಯ ಯು-ಲಾಕೂ ದಪ್ಪ ಚೈನೂ ಎರಡೂ ಬಂದು ಇನ್ನೂ ಉಳಿಯುತ್ತದೆ.

ಪೊಟ್ಟಣದ ಮೇಲಿನ ಅಂಕಿಗಳ ಬಗ್ಗೆ ಒಂದು ಮಾತು. ಅಬುಸ್ 15ಕ್ಕೆ ಇಷ್ಟು ಎನ್ನುತ್ತದೆ, ಕ್ರಿಪ್ಟೊನೈಟ್ 10ಕ್ಕೆ ಇಷ್ಟು ಎನ್ನುತ್ತದೆ. ಇವು ಕಂಪನಿಗಳು ತಮಗೆ ತಾವೇ ಕೊಟ್ಟುಕೊಂಡ ಅಂಕ, ಒಂದಕ್ಕೊಂದು ಹೋಲಿಸಲು ಬಾರದು. ಹೊರಗಿನವರ ಪರೀಕ್ಷೆ ಎಂದರೆ ಬ್ರಿಟನ್ನಿನಲ್ಲಿ ಪೊಲೀಸರೇ 1992ರಲ್ಲಿ ಹುಟ್ಟುಹಾಕಿದ ಸೋಲ್ಡ್ ಸೆಕ್ಯೂರ್, ಅದರಲ್ಲಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂಬ ದರ್ಜೆ. ನೆದರ್‌ಲ್ಯಾಂಡ್ಸಿನಲ್ಲಿ ಎಆರ್‌ಟಿ, ಅದು ನಕ್ಷತ್ರಗಳಲ್ಲಿ ಹೇಳುತ್ತದೆ. ಇವೆರಡರ ಗುರುತು ಇದ್ದರೆ ಯಾರೋ ಉಪಕರಣ ಹಿಡಿದು ನಿಜವಾಗಿ ಮುರಿಯಲು ನೋಡಿದ್ದಾರೆ ಎಂದು ಅರ್ಥ.

ಯಾವುದಕ್ಕೆ ಕಟ್ಟುವುದು

ಯೂರೋಪಿನ ಊರುಗಳಲ್ಲಿ ನೆಲಕ್ಕೆ ಹೂತ ಉಲ್ಟಾ ಯು ಆಕಾರದ ಕಬ್ಬಿಣದ ಸ್ಟ್ಯಾಂಡ್ ಬೀದಿಬೀದಿಗೆ ಇರುತ್ತದೆ. ನಮ್ಮಲ್ಲಿ ಸೈಕಲ್ ಸ್ಟ್ಯಾಂಡ್ ಎಂದು ಹಾಕುವುದು ಮುಂಚಕ್ರ ಮಾತ್ರ ತೂರಿಸುವ ಚೌಕಟ್ಟು. ಅಲ್ಲಿ ಮುಂಚಕ್ರಕ್ಕೆ ಬೀಗ ಹಾಕಿದರೆ ಕಳ್ಳ ಕ್ವಿಕ್ ರಿಲೀಸ್ (ಉಪಕರಣವಿಲ್ಲದೆ ಚಕ್ರ ಬಿಚ್ಚುವ ಹಿಡಿ) ತಿರುಪಿ, ಚಕ್ರವನ್ನು ನಿಮಗೆ ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ. ಬೀಗ ಏನಿದ್ದರೂ ಫ್ರೇಮನ್ನು ಹಿಡಿಯಬೇಕು.

ಕಂಬ ಆರಿಸುವಾಗ ಮೇಲೆ ನೋಡಿ. ಆಳೆತ್ತರದ ‘ನೋ ಪಾರ್ಕಿಂಗ್’ ಕಂಬವಾದರೆ ಸೈಕಲ್ಲನ್ನು ಬೀಗದ ಸಮೇತ ಮೇಲೆತ್ತಿ ತೆಗೆಯಬಹುದು. ಆಮೇಲೆ ಕೆಳಗೆ ನೋಡಿ, ಅಲುಗಾಡಿಸಿ. ಬುಡದ ಸಿಮೆಂಟು ಬಿಟ್ಟಿದ್ದರೆ ಕಂಬವೇ ಕೈಗೆ ಬರುತ್ತದೆ. ತೆಳು ಗ್ರಿಲ್ಲಿನ ಸರಳು, ಅಂಗಡಿಯ ಬೋರ್ಡಿನ ಚೌಕಟ್ಟು, ಎಳೆಯ ಮರ, ಮೆಶ್ ಬೇಲಿ ಇವೆಲ್ಲ ನಿಮ್ಮ ಬೀಗಕ್ಕಿಂತ ಮೊದಲು ತುಂಡಾಗುತ್ತವೆ. ಟ್ರಾನ್ಸ್‌ಫಾರ್ಮರ್ ಬೇಲಿಗೆ, ವಿದ್ಯುತ್ ಕಂಬಕ್ಕೆ ಎಂದೂ ಬೇಡ, ಮಳೆಗಾಲದಲ್ಲಿ ಅದು ಜೀವಕ್ಕೇ ಅಪಾಯ. ಬೇಸ್‌ಮೆಂಟಿನಲ್ಲಿ ಪಿವಿಸಿ ಪೈಪಿಗೆ ಕಟ್ಟುವುದೂ ಕಟ್ಟದಿರುವುದೂ ಒಂದೇ. ಬೆಂಕಿ ಆರಿಸುವ ಕೆಂಪು ಪೈಪು, ಹಳದಿ ಗ್ಯಾಸ್ ಪೈಪುಗಳ ಹತ್ತಿರವೂ ಹೋಗಬಾರದು. ಅದನ್ನು ಕಳ್ಳ ಕುಯ್ದರೆ ಹೋಗುವುದು ಸೈಕಲ್ ಮಾತ್ರವಲ್ಲ.

ಅಪಾರ್ಟ್‌ಮೆಂಟಿನಲ್ಲಿ ಸರಿಯಾದ ದಾರಿ ಅಸೋಸಿಯೇಷನ್ನಿನ ಒಪ್ಪಿಗೆ ಪಡೆದು ಆಂಕರ್ ಹಾಕಿಸುವುದು. 12 ಮಿ.ಮೀ. ಅಥವಾ ಅದಕ್ಕೂ ದಪ್ಪನೆಯ ಎರಡು-ನಾಲ್ಕು ಆಂಕರ್ ಬೋಲ್ಟ್‌ಗಳಲ್ಲಿ ಗಟ್ಟಿ ಕಾಂಕ್ರೀಟಿಗೆ ಕೂರಿಸಿದ ಉಕ್ಕಿನ ಬಳೆ. ಟೊಳ್ಳು ಬ್ಲಾಕಿನ ಗೋಡೆ ಆಗದು, ಬೋಲ್ಟು ಗೋಡೆ ಸಮೇತ ಕಿತ್ತುಬರುತ್ತದೆ. ಕಟ್ಟಡ ಹೊತ್ತ ಕಂಬ, ತೊಲೆಗಳಿಗೆ ಡ್ರಿಲ್ ಹಾಕಬೇಡಿ, ಒಳಗಿನ ಕಬ್ಬಿಣಕ್ಕೆ ತಾಗಬಹುದು. ಬೋಲ್ಟಿನ ತಲೆ ಸ್ಪ್ಯಾನರ್‌ಗೆ ಸಿಗದಂತೆ ಅಂಚು ಉಜ್ಜಿಸಿ ಅಥವಾ ನಟ್ಟಿಗೆ ಒಂದು ಚುಕ್ಕಿ ವೆಲ್ಡ್ ಹಾಕಿಸಿ. ಹತ್ತು ಮನೆಯವರು ಸೇರಿ ನೆಲಕ್ಕೆ ಹೂತ ಎರಡು ಅಂಗುಲದ ಕಬ್ಬಿಣದ ಪೈಪಿನ ಸಾಲು ಮಾಡಿಸಿದರೆ ತಲೆಗೆ ಬೀಳುವ ಖರ್ಚು ಒಂದು ಸಾಧಾರಣ ಬೀಗದಷ್ಟೇ.

ಹಾಕುವ ರೀತಿ

ಯು-ಲಾಕ್ ಒಂದೇ ಇದ್ದರೆ ಫ್ರೇಮಿನ ಹಿಂದಿನ ತ್ರಿಕೋನದ ಒಳಗಿರುವ ಹಿಂಚಕ್ರದ ರಿಮ್ಮಿಗೂ ಸರಳಿಗೂ ಸೇರಿಸಿ ಹಾಕಿ. ಈ ಕ್ರಮವನ್ನು ಜನಪ್ರಿಯ ಮಾಡಿದವರು ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008). ಬೀಗ ಫ್ರೇಮಿನ ಕೊಳವೆಯನ್ನು ಸುತ್ತದೆ ಇದ್ದರೂ ರಿಮ್ಮನ್ನು ತ್ರಿಕೋನದಿಂದ ಹೊರಗೆ ಎಳೆಯಲಾಗದು, ಹಾಗಾಗಿ ಚಕ್ರವೂ ಫ್ರೇಮೂ ಒಂದೇ ಬೀಗದಲ್ಲಿ ಉಳಿಯುತ್ತವೆ. ರಿಮ್ಮನ್ನೇ ಕುಯ್ದರೆ? ಕುಯ್ಯಬಹುದು. ಆದರೆ ಕಡ್ಡಿಗಳ ಬಿಗಿತಕ್ಕೆ ರಿಮ್ಮು ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಬಿಡುತ್ತದೆ, ಟೈರಿನೊಳಗಿನ ಉಕ್ಕಿನ ತಂತಿಯೂ ತಡೆಯುತ್ತದೆ, ಕೊನೆಗೆ ಹಿಂಚಕ್ರವೂ ಹಾಳಾಗುತ್ತದೆ. ಸಾಮಾನ್ಯ ಕಳ್ಳ ಆ ಗೋಜಿಗೆ ಹೋಗುವುದಿಲ್ಲ. ಕಾರ್ಬನ್ ಫ್ರೇಮಿಗೆ ಬರೀ ಉಕ್ಕು ತಾಗದಿರಲಿ, ಹಳೆಯ ಟ್ಯೂಬಿನ ತುಂಡು ಸುತ್ತಿ.

ಕೀ ತೂತು ನೆಲದ ಕಡೆ ಮುಖ ಮಾಡಿರಲಿ, ಮಳೆನೀರು ನಿಲ್ಲುವುದಿಲ್ಲ, ಕಳ್ಳನಿಗೂ ಕೈ ಹಾಕಲು ಕಷ್ಟ. ಕರಾವಳಿ, ಮಲೆನಾಡಿನವರು ಮೇ ತಿಂಗಳಲ್ಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ತೂತಿಗೆ ಗ್ರಾಫೈಟ್ ಪುಡಿ ಅಥವಾ ಒಣ ಟೆಫ್ಲಾನ್ ಸ್ಪ್ರೇ ಹಾಕಬೇಕು. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ಬೇಡ, ಧೂಳು ಸೇರಿ ಮಡ್ಡಿಯಾಗಿ ಕೀ ಒಳಗೇ ಮುರಿಯುತ್ತದೆ.

ಕ್ವಿಕ್ ರಿಲೀಸ್ ಚಕ್ರ, ಸೀಟು ಇರುವವರು ಅದನ್ನು ಅಲನ್ ಕೀ ಬೇಕಾಗುವ ಮಾದರಿಗೆ ಬದಲಿಸಿಕೊಳ್ಳಿ, ಕೆಲವು ನೂರು ರೂಪಾಯಿಯ ಖರ್ಚು. ಸೀಟಿಗೆ ಹಳೆಯ ಮೆಕ್ಯಾನಿಕ್‌ಗಳ ಉಪಾಯ ಇನ್ನೂ ಚೆನ್ನ: ಹಳೆಯ ಸೈಕಲ್ ಚೈನಿನ ತುಂಡನ್ನು ಟ್ಯೂಬಿನೊಳಗೆ ತೂರಿಸಿ, ಸೀಟಿನ ಸರಳಿಗೂ ಫ್ರೇಮಿಗೂ ಸುತ್ತಿ ಪಿನ್ ಹಾಕಿ ಮುಚ್ಚುವುದು. ಅಲನ್ ಬೋಲ್ಟಿನ ಗುಳಿಗೆ ಸರಿಯಾಗಿ ಕೂರುವ ಬೇರಿಂಗ್ ಗುಂಡು ಹಾಕಿ ಫೆವಿಕ್ವಿಕ್ ಬಿಟ್ಟರೂ ಆಯಿತು. ನಿಮಗೆ ಬಿಚ್ಚಬೇಕಾದಾಗ ಅಸಿಟೋನ್ ಹಾಕಿದರೆ ಅಂಟು ಬಿಡುತ್ತದೆ.

ನಿಮ್ಮ ಪರಿಸ್ಥಿತಿಗೆ

ಪಿಜಿಯಲ್ಲಿರುವ ವಿದ್ಯಾರ್ಥಿ, ಕೈಯಲ್ಲಿ ಸಾವಿರ ರೂಪಾಯಿ: ಸಾದಾ ಯು-ಲಾಕ್, ಜೊತೆಗೆ ಸೈಕಲ್ಲಿಗೆ ಬಂದ ಚಕ್ರದ ಬೀಗ. ಬಣ್ಣದ ಕೇಬಲ್ಲಿಗೆ ಒಂದು ರೂಪಾಯಿಯೂ ಬೇಡ. ಮಾಳಿಗೆಗೆ ಎತ್ತಿಕೊಂಡು ಹೋಗಲು ಬಿಡುವ ಪಿಜಿ ಆದರೆ ಅದೇ ಎಲ್ಲಕ್ಕಿಂತ ದೊಡ್ಡ ಬೀಗ.

ದಿನಾ ಕಚೇರಿಗೆ ಹೋಗಿಬರುವವರು ಎರಡು ಬೀಗ ಕೊಳ್ಳಿ, ಎರಡನ್ನೂ ಹೊರಬೇಡಿ. 13 ಮಿ.ಮೀ. ಸುಮಾರಿನ ಯು-ಲಾಕ್ ಜೊತೆಯಲ್ಲಿರಲಿ. 10 ಮಿ.ಮೀ. ಅಥವಾ ಮೇಲಿನ ಚೈನು ರಾತ್ರಿಯ ಜಾಗದಲ್ಲೇ ಇರಲಿ. ರಾತ್ರಿ ಎರಡನ್ನೂ ಹಾಕಿದರೆ, ಗ್ರೈಂಡರ್ ಇಲ್ಲದ ಕಳ್ಳನಿಗೆ ಎರಡು ಜಾತಿಯ ಬೀಗಕ್ಕೆ ಎರಡು ಥರದ ಉಪಕರಣ ಬೇಕಾಗುತ್ತದೆ. ಪಕ್ಕದಲ್ಲೇ ಕೇಬಲ್ ಹಾಕಿದ ಸೈಕಲ್ ನಿಂತಿರುವಾಗ ಕಳ್ಳ ನಿಮ್ಮದರ ಮುಂದೆ ಕೂರುವುದು ಅಪರೂಪ.

ಡೆಲಿವರಿಯವರಿಗೆ ಹಗಲು ಚಕ್ರದ ಬೀಗ, ರಾತ್ರಿ ಚೈನು. ಬ್ಯಾಟರಿ ಸೈಕಲ್ ಆದರೆ ಬ್ಯಾಟರಿಯನ್ನು ರಾತ್ರಿ ಬಿಚ್ಚಿ ಒಳಗೆ ತನ್ನಿ, ಅದರ ಸಣ್ಣ ಬೀಗ ಹೆಸರಿಗೆ ಮಾತ್ರ. ವಾರಾಂತ್ಯಕ್ಕೆ ಮಾತ್ರ ಓಡಿಸುವ ರೋಡ್ ಬೈಕಿಗೆ ಹಗುರದ ಮಡಚುವ ಲಾಕ್ ಅಥವಾ ತೆಳು ಕೇಬಲ್ ಸಾಕು. ಷರತ್ತು ಒಂದೇ, ಸೈಕಲ್ ಕಣ್ಣಿಂದ ಮರೆಯಾಗಬಾರದು.

ಟ್ರ್ಯಾಕರ್ ಹಾಕಿದರೆ ಬೀಗ ಬೇಡವೇ ಎಂದು ಈಗ ಬಹಳ ಜನ ಕೇಳುತ್ತಾರೆ. 2021ರಲ್ಲಿ ಬಂದ ಆಪಲ್ ಕಂಪನಿಯ ಏರ್‌ಟ್ಯಾಗ್‌ನಂಥ ಪುಟ್ಟ ಟ್ರ್ಯಾಕರ್‌ಗಳು ಹತ್ತಿರ ಹಾದುಹೋಗುವ ಫೋನುಗಳ ಮೂಲಕ ಜಾಗ ತಿಳಿಸುತ್ತವೆ. ಒಂದು ಸಿಆರ್2032 ಬ್ಯಾಟರಿ ಸುಮಾರು ವರ್ಷ ಬರುತ್ತದೆ. ಆದರೆ ಇನ್ನೊಬ್ಬರನ್ನು ಗುಟ್ಟಾಗಿ ಹಿಂಬಾಲಿಸದಿರಲಿ ಎಂದು ಅದೇ ಟ್ಯಾಗು ಕಳ್ಳನ ಫೋನಿಗೂ ಎಚ್ಚರಿಕೆ ಕಳಿಸುತ್ತದೆ. ಲೋಹದ ಕೊಳವೆಯೊಳಗೆ ಇಟ್ಟರೆ ಸಿಗ್ನಲ್ ಕುಗ್ಗುತ್ತದೆ. ಸೀಟಿನ ಅಡಿ ಅಥವಾ ಬಾಟಲ್ ಹಿಡಿಯ ಹಿಂದೆ ಇಡುವುದು ಮೇಲು. ಇದು ಕಳುವಾದ ಮೇಲಿನ ಉಪಾಯ, ಬೀಗದ ಬದಲಿ ಅಲ್ಲ.

ಬೀಗ ಸೋತರೆ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು, ಈ ಕೆಲಸ ಇವತ್ತೇ ಮಾಡಿ: ಸೈಕಲ್ಲನ್ನು ಮಗುಚಿ ಪೆಡಲ್ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರಿನ ಫೋಟೋ ತೆಗೆಯಿರಿ. ಇಡೀ ಸೈಕಲ್ಲಿನದೊಂದು, ಗೀರು, ಸ್ಟಿಕ್ಕರಿನ ಗುರುತುಗಳದೊಂದು, ಬಿಲ್ಲಿನದೊಂದು ಫೋಟೋ ಇರಲಿ. ಆ ನಂಬರ್ ಇಲ್ಲದೆ, ಸಿಕ್ಕ ಸೈಕಲ್ ನಿಮ್ಮದೇ ಎಂದು ಠಾಣೆಯಲ್ಲಿ ತೋರಿಸುವುದು ಕಷ್ಟ.

ಕಳುವಾದರೆ ಮೊದಲು ಕ್ಯಾಮೆರಾ ದೃಶ್ಯ ಉಳಿಸಿಕೊಳ್ಳಲು ಹೇಳಿ. ರೆಕಾರ್ಡರ್‌ಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬರೆಯುತ್ತವೆ. ಆಮೇಲೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಕಳೆದುಹೋದ ವಸ್ತುಗಳಿಗೆಂದು ಇರುವ ಆನ್‌ಲೈನ್ ದೂರಿನಲ್ಲಿ ಹಾಕಿ ಸುಮ್ಮನಾಗಬೇಡಿ. ಕಳೆದುಕೊಂಡದ್ದು ಬೇರೆ, ಕದ್ದದ್ದು ಬೇರೆ, ವಿಮೆ ಇದ್ದರೆ ಅವರು ಕೇಳುವುದೂ ಎಫ್‌ಐಆರನ್ನೇ. 2024ರ ಜುಲೈ 1ರಿಂದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಬರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಹಳೆಯ ಸಾಮಾನು ಮಾರುವ ತಾಣಗಳಲ್ಲಿ ಕೆಲವು ವಾರ ಕಣ್ಣಿಟ್ಟಿರಿ. ನಿಮ್ಮದೇ ಸೈಕಲ್ ಕಂಡರೆ ಮಾರುವವನ ಜೊತೆ ಜಗಳಕ್ಕೆ ಇಳಿಯಬೇಡಿ, ಒಬ್ಬರೇ ನೋಡಲು ಹೋಗಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದು, ಫ್ರೇಮ್ ನಂಬರ್ ಇರುವ ಫೋಟೋ ಕೇಳಿ ತರಿಸಿಕೊಂಡು, ಎಫ್‌ಐಆರ್ ಪ್ರತಿಯ ಜೊತೆ ನಿಮ್ಮ ದೂರು ನೋಡುತ್ತಿರುವ ಅಧಿಕಾರಿಗೆ ಕೊಡಿ.